ಕೂಡಿ ಕಟ್ಟಿದ ನೆಟ್‌ವರ್ಕ್: ಯಾರು ಏನು ತಂದರು, ಯಾರು ಏನು ಒಯ್ದರು

(ಉಪನ್ಯಾಸದ ಬರಹ ರೂಪ. ಆಡಿದ ಮಾತನ್ನೇ ಸ್ವಲ್ಪ ಓರಣ ಮಾಡಿ ಬರೆದಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೇರೆ ಬೇರೆ ಕಂಪನಿಗಳು ಕೂಡಿ ಮೊಬೈಲ್ ಜಾಲ ಕಟ್ಟಿದ ಕತೆಯನ್ನು ಒಂದು ಹಳೇ ಫೋನಿನಿಂದ ಶುರು ಮಾಡುತ್ತೇನೆ. 2010ರ ಜೂನ್‌ನಲ್ಲಿ ಅಮೆರಿಕದ ಮೊಬೈಲ್ ಕಂಪನಿ ಸ್ಪ್ರಿಂಟ್ ಎಚ್‌ಟಿಸಿ ಇವೊ 4ಜಿ ಅನ್ನುವ ಫೋನ್ ಮಾರಾಟಕ್ಕೆ ತಂದಿತು. ಆ ದೇಶದ ಮೊದಲ 4ಜಿ ಫೋನ್ ಅದು. 4.3 ಇಂಚಿನ ಪರದೆ. ಆಗಿನ ಕಾಲಕ್ಕೆ ಅದೇ ದೊಡ್ಡದು. ಹಿಂದೆ ಒಂದು ಚಿಕ್ಕ ಕಾಲು ಇತ್ತು, ಬಿಡಿಸಿದರೆ ಫೋನ್ ಮೇಜಿನ ಮೇಲೆ ತಾನೇ ನಿಲ್ಲುತ್ತಿತ್ತು.

ನನಗೆ ಮುಖ್ಯ ಅನ್ನಿಸುವುದು ಅದರ ಒಳಗಿದ್ದದ್ದು. ನೀವು ಮಾತಾಡಿದರೆ ಆ ಮಾತು ಸ್ಪ್ರಿಂಟ್‌ನ ಸಿಡಿಎಂಎ ಅನ್ನುವ ಹಳೇ ಬಗೆಯ ಮೊಬೈಲ್ ಜಾಲದ ಮೇಲೆ ಹೋಗುತ್ತಿತ್ತು. ಇಂಟರ್ನೆಟ್ ತೆರೆದರೆ ಅದು ಕ್ಲಿಯರ್‌ವೈರ್ ಅನ್ನುವ ಬೇರೆ ಕಂಪನಿ ಕಟ್ಟಿದ ವೈಮ್ಯಾಕ್ಸ್ ಜಾಲದ ಮೇಲೆ ಹೋಗುತ್ತಿತ್ತು. ತಂತಿಯಿಲ್ಲದೆ ದೂರಕ್ಕೂ ವೇಗದ ಇಂಟರ್ನೆಟ್ ಕೊಡುವ ತಂತ್ರಜ್ಞಾನ ಈ ವೈಮ್ಯಾಕ್ಸ್. ವೈಮ್ಯಾಕ್ಸ್ ಸಿಗದ ಜಾಗದಲ್ಲಿ ಮತ್ತೆ ಸ್ಪ್ರಿಂಟ್‌ನ 3ಜಿಗೆ ವಾಪಸ್. ಒಂದೇ ಡಬ್ಬಿಯಲ್ಲಿ ಎರಡು ರೇಡಿಯೊ, ಎರಡು ಕಂಪನಿ.

ಪರದೆಯ ಮೇಲೆ 4ಜಿ ಆನ್, ಆಫ್ ಮಾಡುವ ಒಂದು ಗುಂಡಿ ಇತ್ತು. ಯಾಕೆ ಗೊತ್ತಾ? ವೈಮ್ಯಾಕ್ಸ್ ರೇಡಿಯೊ ಆನ್ ಇದ್ದರೆ ಬ್ಯಾಟರಿ ಬೇಗ ಇಳಿದುಬಿಡುತ್ತಿತ್ತು. ಸಿಗ್ನಲ್ ಕಡಿಮೆ ಇರುವ ಕಡೆ ರೇಡಿಯೊ ಸುಮ್ನೆ ಕೂರುವುದಿಲ್ಲ, ಹುಡುಕುತ್ತಲೇ ಇರುತ್ತದೆ. ಹಾಗಾಗಿ ಜನ ಬೇಕಾದಾಗ ಮಾತ್ರ ಅದನ್ನು ಒತ್ತುತ್ತಿದ್ದರು. ಫೋನ್ ಬಿಡುಗಡೆಯಾದಾಗ ನ್ಯೂಯಾರ್ಕ್‌ನಲ್ಲಿ ವೈಮ್ಯಾಕ್ಸ್ ಸೇವೆ ಇನ್ನೂ ಶುರುವಾಗಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲೂ ಇಲ್ಲ. ಆದರೂ ಇವೊ ಇಟ್ಟುಕೊಂಡವರೆಲ್ಲ ತಿಂಗಳಿಗೆ 10 ಡಾಲರ್ ಜಾಸ್ತಿ ಕೊಡಬೇಕಿತ್ತು, ಊರಿಗೆ 4ಜಿ ಬಂದಿರಲಿ, ಬಿಡಲಿ.

ಎರಡು ತಂತ್ರಜ್ಞಾನ ಬೆರೆಸಿ ಜಾಲ ಕಟ್ಟುವ ಕಂಪನಿಗಳ ಕೂಟ ಅಂದಾಗಲೆಲ್ಲ ನನಗೆ ಈ ಗುಂಡಿಯೇ ನೆನಪಾಗುತ್ತದೆ. ಕಂಪನಿಗಳ ನಡುವಿನ ಒಪ್ಪಂದ ಎಷ್ಟು ಗಟ್ಟಿ ಅನ್ನುವುದು ಕೊನೆಗೆ ಗೊತ್ತಾಗುವುದು ಬಳಸುವವನ ಬೆರಳ ತುದಿಯಲ್ಲಿ.

ಈಗ ಎರಡು ವರ್ಷ ಹಿಂದೆ ಹೋಗೋಣ. 2008ರ ಮೇ ತಿಂಗಳು. ಸ್ಪ್ರಿಂಟ್ ತನ್ನ ವೈಮ್ಯಾಕ್ಸ್ ಕೆಲಸವನ್ನೂ ತನ್ನ ಹತ್ತಿರ ಇದ್ದ 2.5 ಗಿಗಾಹರ್ಟ್ಸ್ ಸ್ಪೆಕ್ಟ್ರಂ ಅನ್ನೂ (ಅಂದರೆ ಆ ರೇಡಿಯೊ ಅಲೆಗಳನ್ನು ಬಳಸುವ ಹಕ್ಕನ್ನೂ) ಕ್ಲಿಯರ್‌ವೈರ್ ಜೊತೆ ಸೇರಿಸಿ ಹೊಸ ಕಂಪನಿ ಮಾಡುವುದಾಗಿ ಪ್ರಕಟಿಸಿತು. ಕ್ಲಿಯರ್‌ವೈರ್ ಕಟ್ಟಿದವರು ಕ್ರೇಗ್ ಮೆಕಾ. ಅದಕ್ಕೂ ಮುಂಚೆ ತಮ್ಮ ಸೆಲ್ಯುಲಾರ್ ಕಂಪನಿಯನ್ನು 1994ರಲ್ಲಿ ಎಟಿ ಆ್ಯಂಡ್ ಟಿಗೆ ಮಾರಿದ್ದವರು. ಹೊಸ ಕಂಪನಿಯಲ್ಲಿ ಸ್ಪ್ರಿಂಟ್‌ಗೆ ಸುಮಾರು ಶೇ 51 ಪಾಲು. ಹೊರಗಿನಿಂದ ಬಂದ ಹಣ 320 ಕೋಟಿ ಡಾಲರ್. ಇಂಟೆಲ್ 100 ಕೋಟಿ, ಗೂಗಲ್ 50 ಕೋಟಿ. ಕೇಬಲ್ ಕಂಪನಿಗಳಲ್ಲಿ ಕಾಮ್‌ಕಾಸ್ಟ್ 105 ಕೋಟಿ, ಟೈಮ್ ವಾರ್ನರ್ ಕೇಬಲ್ 55 ಕೋಟಿ, ಬ್ರೈಟ್ ಹೌಸ್ 10 ಕೋಟಿ.

ಆ ಪಟ್ಟಿ ಕಂಡವರಿಗೆಲ್ಲ ಆಗ ಕಣ್ಣು ಅಗಲವಾಗಿತ್ತು. ಚಿಪ್ ಮಾಡುವವನು ಇದ್ದಾನೆ, ಇಂಟರ್ನೆಟ್ ನಡೆಸುವವನು ಇದ್ದಾನೆ, ಮನೆಮನೆಗೆ ತಂತಿ ಎಳೆದವನು ಇದ್ದಾನೆ, ಟವರ್ ಇಟ್ಟುಕೊಂಡವನು ಇದ್ದಾನೆ. ಇನ್ನೇನು ಬೇಕು?

ಪ್ರತಿಯೊಬ್ಬರಿಗೂ ಅವರದೇ ಕಾರಣ ಇತ್ತು. ಇಂಟೆಲ್ 2003ರಲ್ಲಿ ಸೆಂಟ್ರಿನೊ ಹೆಸರಿನಲ್ಲಿ ವೈಫೈ ಇರುವ ಲ್ಯಾಪ್‌ಟಾಪ್‌ಗಳನ್ನು ಎಲ್ಲ ಕಡೆ ಹಬ್ಬಿಸಿತ್ತು. ಅದನ್ನೇ ವೈಮ್ಯಾಕ್ಸ್‌ನಲ್ಲೂ ಮಾಡುವ ಆಸೆ ಅದಕ್ಕೆ. ಕೇಬಲ್ ಕಂಪನಿಗಳಿಗೆ ಮನೆಯ ಬಾಗಿಲಾಚೆಗೂ ಗ್ರಾಹಕ ತಮ್ಮವನಾಗಿಯೇ ಇರಬೇಕಿತ್ತು. ಸ್ಪ್ರಿಂಟ್‌ಗೆ ಗಡುವಿನ ಒತ್ತಡ. ನೆಕ್ಸ್‌ಟೆಲ್ ಅನ್ನುವ ಇನ್ನೊಂದು ಮೊಬೈಲ್ ಕಂಪನಿ ಜೊತೆಗಿನ 2005ರ ವಿಲೀನಕ್ಕೆ ಒಪ್ಪಿಗೆ ಕೊಡುವಾಗ, 2.5 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ ಇಷ್ಟು ಸಮಯದೊಳಗೆ ಸೇವೆ ಕೊಡಲೇಬೇಕು ಅಂತ ನಿಯಂತ್ರಕರು ಷರತ್ತು ಹಾಕಿದ್ದರು. ಆಗ ಕೈಗೆ ಸಿಕ್ಕುವ ಹಾಗೆ ತಯಾರಿದ್ದದ್ದು ವೈಮ್ಯಾಕ್ಸ್. ಮುಂದೆ ಎಲ್ಲ ಕಡೆ 4ಜಿ ಆಗಿ ಹಬ್ಬಿದ ಎಲ್‌ಟಿಇ ತಂತ್ರಜ್ಞಾನ ಇನ್ನೂ ಕಾಗದದ ಮೇಲಿತ್ತು.

ಸ್ಪ್ರಿಂಟ್ ತಪ್ಪು ಕುದುರೆಗೆ ಹಣ ಕಟ್ಟಿತು ಅಂತ ಸುಲಭವಾಗಿ ಹೇಳಿಬಿಡಬಹುದು. ನನಗೆ ಆ ಮಾತು ಒಪ್ಪಿಗೆಯಾಗುವುದಿಲ್ಲ. ವೈಮ್ಯಾಕ್ಸ್ ಮತ್ತು ಎಲ್‌ಟಿಇ ಬೇರೆ ಬೇರೆ ಜಾತಿಯವಲ್ಲ. ಎರಡೂ ಸಿಗ್ನಲ್ಲನ್ನು ನೂರಾರು ಸಣ್ಣ ಎಳೆಗಳಾಗಿ ಬಿಡಿಸಿ ಕಳಿಸುತ್ತವೆ. ಎಲ್‌ಟಿಇಯ ಟಿಡಿಡಿ ಬಗೆಯಲ್ಲಿ, ವೈಮ್ಯಾಕ್ಸ್‌ನಲ್ಲಿ ಇದ್ದ ಹಾಗೆಯೇ, ಹೋಗುವುದಕ್ಕೂ ಬರುವುದಕ್ಕೂ ಒಂದೇ ದಾರಿ. ಸರದಿಯ ಮೇಲೆ ಬಳಕೆ, ಅಷ್ಟೆ. ಅದಕ್ಕೇ 2011ರ ಆಗಸ್ಟ್‌ನಲ್ಲಿ ಕ್ಲಿಯರ್‌ವೈರ್ ತಾನೂ ಎಲ್‌ಟಿಇಗೆ ಬರುವುದಾಗಿ ಹೇಳಿದಾಗ, ಅದೇ ಸ್ಪೆಕ್ಟ್ರಂ ಇಟ್ಟುಕೊಂಡೇ ಬರಬಹುದಾಗಿತ್ತು.

ಕಷ್ಟ ಬಂದದ್ದು ಬೇರೆ ಕಡೆ. ಒಂದು, 2.5 ಗಿಗಾಹರ್ಟ್ಸ್ ಅಲೆ ಗೋಡೆ ದಾಟುವುದರಲ್ಲಿ ಸೋಲುತ್ತದೆ. ಅದೇ 2008ರ ಮಾರ್ಚ್‌ನಲ್ಲಿ ಮುಗಿದ ಹರಾಜಿನಲ್ಲಿ ಇನ್ನೊಂದು ದೊಡ್ಡ ಮೊಬೈಲ್ ಕಂಪನಿ ವೆರೈಜನ್ ಸುಮಾರು 940 ಕೋಟಿ ಡಾಲರ್ ಕೊಟ್ಟು 700 ಮೆಗಾಹರ್ಟ್ಸ್ ಸ್ಪೆಕ್ಟ್ರಂ ಕೊಂಡಿತ್ತು. ಆ ಅಲೆ ದೂರ ಹೋಗುತ್ತದೆ, ಗೋಡೆಯನ್ನೂ ದಾಟುತ್ತದೆ. 2010ರ ಡಿಸೆಂಬರ್‌ನಲ್ಲಿ ಅದರ ಮೇಲೆ ವೆರೈಜನ್ ಎಲ್‌ಟಿಇ ಶುರು ಮಾಡಿತು. ಅಲ್ಲಿಗೆ ಕ್ಲಿಯರ್‌ವೈರ್‌ಗೆ ಜಾಸ್ತಿ ಟವರ್ ಬೇಕು, ಜಾಸ್ತಿ ಹಣ ಬೇಕು, ಮುಂಚೆ ಓಡಿದ್ದರ ಲಾಭ ಮಾತ್ರ ಇಲ್ಲ ಅಂತಾಯಿತು.

ಎರಡನೆಯದು ನನ್ನ ಪ್ರಕಾರ ಇನ್ನೂ ದೊಡ್ಡದು. ಪಾಲುದಾರರೇ ಒಬ್ಬರಿಗೊಬ್ಬರು ಎದುರಾಳಿಗಳಾದರು. ಒಂದೇ ಜಾಲವನ್ನು ಕ್ಲಿಯರ್‌ವೈರ್ ತನ್ನ ಹೆಸರಿನಲ್ಲಿ ಮಾರುತ್ತಿತ್ತು, ಸ್ಪ್ರಿಂಟ್ ತನ್ನ ಹೆಸರಿನಲ್ಲಿ, ಕಾಮ್‌ಕಾಸ್ಟ್ ತನ್ನ ಹೆಸರಿನಲ್ಲಿ. ಗ್ರಾಹಕ ಯಾರಿಗೆ ಸೇರಿದವನು ಅನ್ನುವುದು ಮೊದಲ ದಿನವೇ ಇತ್ಯರ್ಥವಾಗಿರಲಿಲ್ಲ. ಸ್ಪ್ರಿಂಟ್ ಕ್ಲಿಯರ್‌ವೈರ್‌ಗೆ ಎಷ್ಟು ಸಗಟು ದರ ಕೊಡಬೇಕು ಅನ್ನುವ ಜಗಳ 2011ರ ಏಪ್ರಿಲ್‌ವರೆಗೆ ಎಳೆಯಿತು. ಕೊನೆಗೆ ಎರಡು ವರ್ಷಕ್ಕೆ ಕಡಿಮೆ ಅಂದರೂ 100 ಕೋಟಿ ಡಾಲರ್ ಕೊಡಲು ಸ್ಪ್ರಿಂಟ್ ಒಪ್ಪಿತು. ಅರ್ಧಕ್ಕಿಂತ ಜಾಸ್ತಿ ಪಾಲು ಇಟ್ಟುಕೊಂಡವನು ಮತ್ತು ಅವನ ಕಂಪನಿಯ ನಡುವೆ ಇಂಥ ಜಗಳ! ಅದೂ ಹೊಸ ಟವರ್ ಏಳಬೇಕಾದ ಸಮಯದಲ್ಲಿ.

ಮುಂದಿನದನ್ನು ಬೇಗ ಹೇಳುತ್ತೇನೆ. 2012ರಲ್ಲಿ ಗೂಗಲ್ ತನ್ನ ಪಾಲು ಮಾರಿ ಹೊರಬಂತು. ಹಾಕಿದ್ದು 50 ಕೋಟಿ, ಸಿಕ್ಕಿದ್ದು 4.7 ಕೋಟಿ. 2013ರ ಜುಲೈನಲ್ಲಿ ಸ್ಪ್ರಿಂಟ್ ಉಳಿದವರ ಪಾಲನ್ನೆಲ್ಲ ಕೊಂಡಿತು. ಷೇರಿಗೆ 2.97 ಡಾಲರ್ ಅಂತ ಶುರುವಾದ ಮಾತು, ಡಿಶ್ ಅನ್ನುವ ಉಪಗ್ರಹ ಟಿವಿ ಕಂಪನಿ ಪೈಪೋಟಿಗೆ ಬಂದ ಮೇಲೆ 5 ಡಾಲರ್‌ಗೆ ಮುಗಿಯಿತು. ಆ ಬೆನ್ನಿಗೇ ಸ್ಪ್ರಿಂಟ್ ಜಪಾನಿನ ಸಾಫ್ಟ್‌ಬ್ಯಾಂಕ್ ಕೈಗೆ ಹೋಯಿತು.

ಷೇರಿಗೆ 5 ಡಾಲರ್ ಕೊಟ್ಟಿದ್ದು ಯಾವುದಕ್ಕೆ ಅಂತ ಯೋಚಿಸಿ. ವೈಮ್ಯಾಕ್ಸ್‌ಗಂತೂ ಅಲ್ಲ, ಅದು ಮುಚ್ಚುವ ದಾರಿಯಲ್ಲಿತ್ತು. ಕೊಟ್ಟಿದ್ದು 2.5 ಗಿಗಾಹರ್ಟ್ಸ್‌ಗೆ. 2020ರ ಏಪ್ರಿಲ್ 1ರಂದು ಸ್ಪ್ರಿಂಟ್ ಟಿ-ಮೊಬೈಲ್ ಅನ್ನುವ ಇನ್ನೊಂದು ಮೊಬೈಲ್ ಕಂಪನಿ ಜೊತೆ ವಿಲೀನವಾಯಿತು. ಹೆಸರೂ ಹೋಯಿತು. ಆದರೆ ಅದೇ 2.5 ಗಿಗಾಹರ್ಟ್ಸ್ ಇವತ್ತು ಟಿ-ಮೊಬೈಲ್‌ನ ವೇಗದ 5ಜಿಗೆ ಬೆನ್ನೆಲುಬು. ದೂರಕ್ಕೆ 600 ಮೆಗಾಹರ್ಟ್ಸ್, ವೇಗಕ್ಕೆ 2.5 ಗಿಗಾಹರ್ಟ್ಸ್, ಒಂದರ ಮೇಲೊಂದು ಪದರ. ಗೋಡೆ ದಾಟದ ಅಲೆಗೆ ಗೋಡೆ ದಾಟುವ ಜೊತೆ ಸಿಕ್ಕಿತು. 2008ರ ಕೂಟದಲ್ಲಿ ಇಲ್ಲದೇ ಹೋದದ್ದು ಇದೇ ಅಲ್ವಾ?

ಇನ್ನೂ ಒಬ್ಬ ಪಾಲುದಾರನ ಬಗ್ಗೆ ನಾನು ಹೇಳಿಯೇ ಇಲ್ಲ. ಪತ್ರಿಕಾ ಪ್ರಕಟಣೆಗಳಲ್ಲಿ ಆ ಹೆಸರು ದೊಡ್ಡದಾಗಿ ಬಂದಿರಲಿಲ್ಲ. ಶಾಲೆಗಳು.

1963ರಲ್ಲಿ ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ, ಟಿವಿಯಲ್ಲಿ ಪಾಠ ಮಾಡಲಿ ಅಂತ ಶಾಲೆ ಕಾಲೇಜುಗಳಿಗೆ ಈ 2.5 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ ಜಾಗ ಕೊಟ್ಟಿತು. ಒಂದು ಕೋಣೆಯಲ್ಲಿ ಟೀಚರ್, ದೂರದ ಹತ್ತಾರು ಕೋಣೆಗಳಲ್ಲಿ ಟಿವಿ ಮುಂದೆ ಮಕ್ಕಳು. ಕಾಲ ಸರಿದ ಹಾಗೆ ಆ ಬಳಕೆ ಕಡಿಮೆಯಾಯಿತು, ಲೈಸೆನ್ಸ್ ಮಾತ್ರ ಶಾಲೆಗಳ ಹೆಸರಿನಲ್ಲೇ ಉಳಿಯಿತು. ಕ್ಲಿಯರ್‌ವೈರ್ ಮತ್ತು ಸ್ಪ್ರಿಂಟ್ ಬಳಸಿದ ಸ್ಪೆಕ್ಟ್ರಂನಲ್ಲಿ ದೊಡ್ಡ ಭಾಗ ಹೀಗೆ ಶಾಲೆಗಳಿಂದ ಬಾಡಿಗೆಗೆ ತಂದದ್ದು. ಅಂದರೆ ಅಷ್ಟು ದೊಡ್ಡ ಕೂಟ ನಿಂತಿದ್ದು ಶಾಲೆಯವರ ನೆಲದ ಮೇಲೆ.

ಬದಲಿಗೆ ಶಾಲೆಗಳಿಗೆ ಬಾಡಿಗೆ ಬರುತ್ತಿತ್ತು. ಕೆಲವು ಸೇವಾ ಸಂಸ್ಥೆಗಳು ಇದೇ ಒಪ್ಪಂದದ ಬಲದ ಮೇಲೆ ಶಾಲೆ, ಲೈಬ್ರರಿ, ಬಡ ಕುಟುಂಬಗಳಿಗೆ ತಿಂಗಳಿಗೆ 10 ಡಾಲರ್‌ಗೆ ಇಂಟರ್ನೆಟ್ ಕೊಡುತ್ತಿದ್ದವು. 2015ರ ನವೆಂಬರ್‌ನಲ್ಲಿ ಸ್ಪ್ರಿಂಟ್ ವೈಮ್ಯಾಕ್ಸ್ ನಿಲ್ಲಿಸಲು ಹೊರಟಾಗ ಈ ಮನೆಗಳ ಕನೆಕ್ಷನ್ ಕಡಿದುಹೋಗುವ ಹೊತ್ತು ಬಂತು. ಮೊಬೈಲ್ ಬೀಕನ್, ಮೊಬೈಲ್ ಸಿಟಿಜನ್ ಅನ್ನುವ ಎರಡು ಸಂಸ್ಥೆಗಳು ಕೋರ್ಟಿಗೆ ಹೋದವು. ಮ್ಯಾಸಚೂಸೆಟ್ಸ್ ನ್ಯಾಯಾಲಯ ಕೆಲವು ಪ್ರದೇಶಗಳಲ್ಲಿ ಜಾಲವನ್ನು ಇನ್ನೂ 90 ದಿನ ನಡೆಸಲು ಹೇಳಿತು.

ಈ 90 ದಿನ ನನ್ನನ್ನು ಕಾಡುತ್ತದೆ. ನೂರಾರು ಕೋಟಿ ಡಾಲರ್‌ಗಳ ಒಪ್ಪಂದದಲ್ಲಿ, ಜಾಲ ನಿಲ್ಲುವ ದಿನ ಮೋಡೆಮ್ ಇಟ್ಟುಕೊಂಡ ಮಗು ಹೋಂವರ್ಕ್ ಹೇಗೆ ಮಾಡುತ್ತದೆ ಅನ್ನುವುದನ್ನು ಗಟ್ಟಿಯಾಗಿ ಬರೆದಿದ್ದರೆ ಕೋರ್ಟಿನ ಮೆಟ್ಟಿಲು ಹತ್ತಬೇಕಿರಲಿಲ್ಲ. ನೆಲ ಕೊಟ್ಟವರು ಅವರೇ. ಮನೆ ಕೆಡವುವ ದಿನ ಅವರೇ ಕೈಮುಗಿದು ನಿಲ್ಲಬೇಕಾಯಿತು.

ಇಲ್ಲಿಂದ ನನ್ನ ಊಹೆಗಳಿಗೆ ಬರುತ್ತೇನೆ. ಎರಡು ತಂತ್ರಜ್ಞಾನ ಬೆರೆಸುವ ಯಾವುದೇ ಕೂಟ ಕಂಡರೂ ನಾನು ಯಾವ ತಂತ್ರಜ್ಞಾನ ಗೆಲ್ಲುತ್ತದೆ ಅಂತ ಕೇಳುವುದಿಲ್ಲ. ಅದು ಹತ್ತು ವರ್ಷದಲ್ಲಿ ಹೇಗೂ ಬದಲಾಗುತ್ತದೆ. ಅದು ಬದಲಾದ ದಿನ ಒಬ್ಬೊಬ್ಬರ ಕೈಯಲ್ಲಿ ಏನು ಉಳಿದಿರುತ್ತದೆ ಅಂತ ನೋಡುತ್ತೇನೆ. ಸ್ಪೆಕ್ಟ್ರಂ ಉಳಿಯುತ್ತದೆ. ನೆಲದಡಿಯ ತಂತಿ ಉಳಿಯುತ್ತದೆ. ಬಿಲ್ ಕಳಿಸುವ ಹಕ್ಕು ಉಳಿಯುತ್ತದೆ.

2008ರ ಪಾಲುದಾರರನ್ನೇ ನೋಡಿ. ಇಂಟೆಲ್ ತಂದಿದ್ದು ಚಿಪ್ ಮತ್ತು ಹಣ. ತಂತ್ರಜ್ಞಾನ ಹೋದ ಮೇಲೆ ಅದರ ಕೈ ಖಾಲಿ. 2019ರಲ್ಲಿ ಫೋನ್ ಮೋಡೆಮ್ ವ್ಯವಹಾರವನ್ನೇ ಆ್ಯಪಲ್‌ಗೆ ಮಾರಲು ಒಪ್ಪಿತು, ಅದೂ 100 ಕೋಟಿ ಡಾಲರ್‌ಗೆ. ಕೇಬಲ್ ಕಂಪನಿಗಳ ಹತ್ತಿರ ಮಾತ್ರ ಮನೆಗಳು ಇದ್ದವು. 2011ರ ಡಿಸೆಂಬರ್‌ನಲ್ಲಿ ಅವು ತಮ್ಮ ಹತ್ತಿರ ಇದ್ದ ಬೇರೆ ಸ್ಪೆಕ್ಟ್ರಂ ಅನ್ನು 360 ಕೋಟಿ ಡಾಲರ್‌ಗೆ ವೆರೈಜನ್‌ಗೆ ಕೊಡಲು ಒಪ್ಪಿದವು, ಜೊತೆಗೆ ವೆರೈಜನ್ ಜಾಲವನ್ನು ಸಗಟಾಗಿ ಕೊಂಡು ತಮ್ಮ ಹೆಸರಿನಲ್ಲಿ ಮಾರುವ ಹಕ್ಕನ್ನೂ ಪಡೆದವು. ಆರು ವರ್ಷ ಅದನ್ನು ಜೋಪಾನವಾಗಿ ಇಟ್ಟುಕೊಂಡ ಕಾಮ್‌ಕಾಸ್ಟ್ 2017ರಲ್ಲಿ ಮೊಬೈಲ್ ಸೇವೆ ತೆರೆಯಿತು. ಮನೆಯಲ್ಲಿ ಮತ್ತು ಊರಿನ ಹಾಟ್‌ಸ್ಪಾಟ್‌ಗಳಲ್ಲಿ ಅದರದೇ ವೈಫೈ, ಉಳಿದ ಕಡೆ ವೆರೈಜನ್ ಟವರ್. ಗೂಗಲ್ ಕೂಡ 2015ರಲ್ಲಿ ವೈಫೈ, ಸ್ಪ್ರಿಂಟ್, ಟಿ-ಮೊಬೈಲ್ ಮೂರನ್ನೂ ಒಂದೇ ಫೋನಿನಲ್ಲಿ ತಾನಾಗಿ ಬದಲಾಯಿಸುವ ಪ್ರಾಜೆಕ್ಟ್ ಫೈ ತಂದಿತು. ಇವೊ ಫೋನಿನ ಆ ಗುಂಡಿಯನ್ನು ಒತ್ತುವ ಕೆಲಸ ಈಗ ಸಾಫ್ಟ್‌ವೇರ್‌ದು.

ಜಪಾನಿನದೂ ಇದೇ ಪಾಠ, ಆದರೆ ಅವರು ನಿಧಾನವಾಗಿ ದಾಟಿದರು. ಯುಕ್ಯೂ ಕಂಪನಿ 2009ರಲ್ಲಿ ವೈಮ್ಯಾಕ್ಸ್ ಶುರು ಮಾಡಿತು. ಮೊಬೈಲ್ ಕಂಪನಿ ಕೆಡಿಡಿಐ, ಇಂಟೆಲ್ ಜೊತೆಗೆ ರೈಲು ಕಂಪನಿ ಜೆಆರ್ ಈಸ್ಟ್ ಕೂಡ ಪಾಲುದಾರ. 2013ರಲ್ಲಿ ವೈಮ್ಯಾಕ್ಸ್ 2+ ಅನ್ನುವ ಹೆಸರಿನಲ್ಲಿ ಟಿಡಿಡಿ ಎಲ್‌ಟಿಇಗೆ ಹೊಂದುವ ಜಾಲಕ್ಕೆ ಬಂದರು. ಹೆಸರು ಹಳೇದು, ಒಳಗಿನ ಸಾಮಾನು ಹೊಸದು. ಗ್ರಾಹಕನಿಗೆ ಗಾಬರಿಯಾಗದ ಹಾಗೆ ದಾಟಿಸುವುದೂ ಒಂದು ಕಲೆ. ಹಳೇದನ್ನೂ ಹೊಸದನ್ನೂ ಸ್ವಲ್ಪ ಕಾಲ ಒಟ್ಟಿಗೆ ನಡೆಸುವ ಖರ್ಚನ್ನು ಯಾರಾದರೂ ಹೊರಬೇಕು, ಅಷ್ಟೆ.

ವೈಫೈ ಮತ್ತು ಟವರ್ ಬೆರೆಯುವ ಜಾಗವನ್ನು ನೀವೇ ಇವತ್ತು ಪರೀಕ್ಷೆ ಮಾಡಬಹುದು. ವೈಫೈ ಮೇಲೆ ಕಾಲ್ ಮಾಡಿ, ಮಾತಾಡುತ್ತಲೇ ಮನೆಯಿಂದ ಹೊರಗೆ ನಡೆಯಿರಿ. ಬಾಗಿಲು ದಾಟುತ್ತೀರಿ, ವೈಫೈ ಒಂದು ಕಡ್ಡಿಗೆ ಇಳಿಯುತ್ತದೆ. ಫೋನ್ ಅದನ್ನು ಬಿಡುವುದಿಲ್ಲ. ಆಚೆ ಕಡೆಯವರ ಮಾತು ತುಂಡಾಗುತ್ತದೆ, "ಹಲೋ, ಹಲೋ" ಅನ್ನುತ್ತೀರಿ. ನಾಲ್ಕು ಹೆಜ್ಜೆ ಆದ ಮೇಲೆ ಟವರ್ ಹಿಡಿಯುತ್ತದೆ, ಮಾತು ಮತ್ತೆ ತಿಳಿಯಾಗುತ್ತದೆ. ವೈಫೈ ಒಬ್ಬರದು, ಟವರ್ ಇನ್ನೊಬ್ಬರದು. ಯಾವಾಗ ಬಿಡಬೇಕು ಅಂತ ಒಬ್ಬರ ಜಾಲ ಇನ್ನೊಬ್ಬರ ಜಾಲಕ್ಕೆ ಹೇಳುವಷ್ಟು ಹೊಂದಾಣಿಕೆ ಇಲ್ಲದಿದ್ದರೆ ಆ ನಾಲ್ಕು ಹೆಜ್ಜೆ ಹೀಗೇ ಇರುತ್ತದೆ. ಮೊಬೈಲ್ ಕಂಪನಿಗಳು ಮನೆಯ ಒಳಗೂ ತಮ್ಮದೇ ತಂತಿ ಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಲೆಕ್ಕ. ವೆರೈಜನ್ 2024ರಲ್ಲಿ ಫ್ರಾಂಟಿಯರ್ ಅನ್ನುವ ಕಂಪನಿಯ ಫೈಬರ್ ಜಾಲ ಕೊಳ್ಳಲು 2,000 ಕೋಟಿ ಡಾಲರ್‌ಗಳ ಒಪ್ಪಂದ ಮಾಡಿಕೊಂಡಿತು. ಪಾಲುದಾರಿಕೆಯಿಂದ ಶುರುವಾದದ್ದು ಮಾಲೀಕತ್ವಕ್ಕೆ ತಿರುಗುತ್ತಿದೆ.

ಈಗ ಆಕಾಶದ ಸರದಿ. 2022ರ ಆಗಸ್ಟ್‌ನಲ್ಲಿ ಟಿ-ಮೊಬೈಲ್ ಮತ್ತು ಸ್ಪೇಸ್‌ಎಕ್ಸ್, ಸಾಮಾನ್ಯ ಫೋನಿಗೇ ಉಪಗ್ರಹದಿಂದ ಸಿಗ್ನಲ್ ಕೊಡುವುದಾಗಿ ಹೇಳಿದವು. 2025ರ ಜುಲೈನಲ್ಲಿ ಸೇವೆ ಎಲ್ಲರಿಗೂ ತೆರೆಯಿತು. ಎಟಿ ಆ್ಯಂಡ್ ಟಿ, ವೆರೈಜನ್, ವೊಡಾಫೋನ್, ರಕುಟೆನ್ ಈ ಮೊಬೈಲ್ ಕಂಪನಿಗಳು ಎಎಸ್‌ಟಿ ಸ್ಪೇಸ್‌ಮೊಬೈಲ್ ಅನ್ನುವ ಇನ್ನೊಂದು ಉಪಗ್ರಹ ಕಂಪನಿ ಜೊತೆ ಸೇರಿವೆ.

ಉಪಗ್ರಹದ ಸಿಗ್ನಲ್ ಬೀಳುವ ಒಂದು ವೃತ್ತ ಬಹಳ ದೊಡ್ಡ ಪ್ರದೇಶವನ್ನು ಮುಚ್ಚುತ್ತದೆ. ಅಷ್ಟು ಜನ ಅದೇ ಸಿಗ್ನಲ್ಲನ್ನು ಹಂಚಿಕೊಳ್ಳಬೇಕು. ಹಾಗಾಗಿ ಪೇಟೆಯ ನಡುವೆ ಅದು ಟವರ್‌ಗೆ ಸಾಟಿಯಲ್ಲ. ಟವರ್ ಇಲ್ಲದ ಕಾಡು, ಬೆಟ್ಟ, ಕಡಲಲ್ಲಿ ಮಾತ್ರ ಅದಕ್ಕೆ ಸಾಟಿ ಯಾವುದೂ ಇಲ್ಲ. ಒಬ್ಬರ ಕೊರತೆಯನ್ನು ಇನ್ನೊಬ್ಬರು ನಿಜವಾಗಿ ತುಂಬುತ್ತಾರೆ. ಹುಟ್ಟಿನಿಂದಲೇ ಇದು 2008ರ ಕೂಟಕ್ಕಿಂತ ಗಟ್ಟಿ.

ಈ ಸೇವೆಗೆ ಟಿ-ಮೊಬೈಲ್ ಕೊಟ್ಟ ಸ್ಪೆಕ್ಟ್ರಂ 1,900 ಮೆಗಾಹರ್ಟ್ಸ್ ಹತ್ತಿರದ ಒಂದು ಸಣ್ಣ ತುಂಡು. ದೇಶದ ತುಂಬ ಒಬ್ಬರ ಕೈಯಲ್ಲೇ ಇರುವ ತುಂಡು. ಉಪಗ್ರಹಕ್ಕೆ ಅದೇ ಬೇಕು, ಯಾಕೆಂದರೆ ಅದರ ಸಿಗ್ನಲ್ ಊರ ಗಡಿ, ಜಿಲ್ಲೆಯ ಗಡಿ ನೋಡುವುದಿಲ್ಲ. ಆ ತುಂಡು ಟಿ-ಮೊಬೈಲ್‌ಗೆ ಬಂದದ್ದು ಎಲ್ಲಿಂದ? ಸ್ಪ್ರಿಂಟ್‌ನಿಂದ. ನೆಲದ ಮೇಲೆ 5ಜಿ, ಆಕಾಶದಲ್ಲಿ ಉಪಗ್ರಹ, ಎರಡರಲ್ಲೂ ಸ್ಪ್ರಿಂಟ್‌ನ ಆಸ್ತಿ ಉಸಿರಾಡುತ್ತಿದೆ. ಇದನ್ನು ಮೊದಲ ಸಲ ಜೋಡಿಸಿ ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು.

ನನ್ನ ಮಾತು ಇಷ್ಟು. ಪ್ರಶ್ನೆ ಕೇಳಿ.

ಪ್ರಶ್ನೆ: ಸರ್, ಮುಂದಿನ ಪಾಲುದಾರಿಕೆಗಳಲ್ಲಿ ಸಾಮಾನ್ಯ ಗ್ರಾಹಕರಿಗೆ ರಕ್ಷಣೆ ಎಲ್ಲಿಂದ ಬರಬೇಕು?

ಒಪ್ಪಂದಕ್ಕೆ ಒಪ್ಪಿಗೆ ಕೊಡುವ ನಿಯಂತ್ರಕರಿಂದ. ಜಾಲ ಶುರುವಾಗುವ ದಿನದ ಷರತ್ತುಗಳನ್ನು ಅವರು ಬರೆಸುತ್ತಾರೆ, ಎಷ್ಟು ಜನಕ್ಕೆ, ಎಷ್ಟು ವರ್ಷದಲ್ಲಿ ಅಂತ. ನಿಲ್ಲಿಸುವ ದಿನದ ಷರತ್ತನ್ನೂ ಅಲ್ಲೇ ಬರೆಸಬೇಕು. ಹಳೇ ಸಾಧನಕ್ಕೆ ಬದಲಿ ಯಾರು ಕೊಡುತ್ತಾರೆ, ಅದೇ ದರ ಎಷ್ಟು ಕಾಲ, ಮುನ್ಸೂಚನೆ ಎಷ್ಟು ತಿಂಗಳು. ಉಪಗ್ರಹ ಸೇವೆಗೆ ಇದು ಇನ್ನೂ ಮುಖ್ಯ. ಬೆಟ್ಟದಲ್ಲಿ ಸಿಕ್ಕಿಹಾಕಿಕೊಂಡವನು ಅದನ್ನು ನಂಬಿ ಹೋಗಿರುತ್ತಾನೆ. ಕಂಪನಿಗಳ ಒಪ್ಪಂದ ಮುರಿದದ್ದು ಅವನಿಗೆ ಅಲ್ಲಿ ಗೊತ್ತಾಗಬಾರದು.

ಪ್ರಶ್ನೆ: ಟಿ-ಮೊಬೈಲ್ ಮತ್ತು ಸ್ಪೇಸ್‌ಎಕ್ಸ್ ಜೋಡಿ ಬಾಳುತ್ತದೆಯೇ?

ಇಲ್ಲಿಯವರೆಗೆ ಲೆಕ್ಕ ಸಮ ಇತ್ತು. ಸ್ಪೇಸ್‌ಎಕ್ಸ್ ಹತ್ತಿರ ಉಪಗ್ರಹ ಇತ್ತು, ಫೋನಿಗೆ ಹೊಂದುವ ಸ್ಪೆಕ್ಟ್ರಂ ಇರಲಿಲ್ಲ. ಅದನ್ನು ಟಿ-ಮೊಬೈಲ್ ಕೊಟ್ಟಿತು. ಆದರೆ 2025ರ ಸೆಪ್ಟೆಂಬರ್‌ನಲ್ಲಿ ಸ್ಪೇಸ್‌ಎಕ್ಸ್ ಸುಮಾರು 1,700 ಕೋಟಿ ಡಾಲರ್‌ಗೆ ಎಕೋಸ್ಟಾರ್ ಅನ್ನುವ ಕಂಪನಿಯ ಸ್ಪೆಕ್ಟ್ರಂ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಇದು ಬಾಡಿಗೆ ಮನೆಯಲ್ಲಿದ್ದವನು ಸೈಟ್ ಕೊಂಡ ಹಾಗೆ. ನಾಳೆಯೇ ಮನೆ ಬಿಡುತ್ತಾನೆ ಅಂತಲ್ಲ, ಬಾಡಿಗೆಯ ಮಾತುಕತೆ ಮಾತ್ರ ಬದಲಾಗುತ್ತದೆ.

ಟಿ-ಮೊಬೈಲ್ ಹತ್ತಿರ ಬಿಲ್ ಕಳಿಸುವ ಗ್ರಾಹಕರಿದ್ದಾರೆ, ಪೇಟೆಯಲ್ಲಿ ಟವರ್‌ಗಳಿವೆ. ಅದು ಸಣ್ಣ ಆಸ್ತಿಯಲ್ಲ. ಅದಕ್ಕೇ ಒಂದಷ್ಟು ವರ್ಷ ಇಬ್ಬರೂ ಜೊತೆಗೇ ಇರುತ್ತಾರೆ ಅನ್ನುವುದು ನನ್ನ ಊಹೆ. ನೀವು ಪ್ರಕಟಣೆಗಳನ್ನು ನೋಡುತ್ತಾ ಕೂರಬೇಡಿ, ಹೊಸ ಫೋನಿನ ಡಬ್ಬಿಯ ಮೇಲೆ ಬ್ಯಾಂಡ್‌ಗಳ ಪಟ್ಟಿ ಓದಿ. ಎಕೋಸ್ಟಾರ್‌ನಿಂದ ಬರುವ ಆ ಬ್ಯಾಂಡಿನಲ್ಲಿ ಉಪಗ್ರಹವನ್ನೇ ನೇರವಾಗಿ ಹಿಡಿಯುವ ಚಿಪ್ ಸಾಮಾನ್ಯ ಫೋನುಗಳಿಗೆ ಬಂದ ದಿನ, ಇಬ್ಬರೂ ಮತ್ತೆ ಕೂತು ಹೊಸದಾಗಿ ಲೆಕ್ಕ ಹಾಕಬೇಕಾಗುತ್ತದೆ.